ಅಗ್ನಿಸಾಕ್ಷಿಯೂ ರುಜುವೂ

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನ ವಿವಾಹವು ಅಮೆರಿಕದ ಒಂದು ದೇವಸ್ಥಾನದ ಸಭಾಂಗಣದಲ್ಲಿ ನಡೆಯಿತು. ಎಂಬತ್ತನ್ನು ದಾಟಿದ್ದ ನಮ್ಮ ತಾಯಿಯವರನ್ನು ಕರೆದುಕೊಂಡು ನಾನೂ ಹೋಗಿದ್ದೆನು. ಕಾಶೀಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ ಎಲ್ಲವೂ ಕ್ರಮವಾಗಿಯೇ ನೆರವೇರಿದವು. ಹೊಗೆಯೆದ್ದರೆ ಚಾವಣಿಯಲ್ಲಿರುವ ಎಚ್ಚರಿಕೆಯ ಯಂತ್ರ ಕಿರುಚಿಕೊಳ್ಳುವುದೆಂಬ ಭಯದಿಂದ ಅಗ್ನಿದೇವನು ಮಾತ್ರ ಒಂದು ಅಲ್ಯುಮಿನಿಯಂ ತಟ್ಟೆಯಲ್ಲಿ, ಎರಡು ಚಮಚ ತುಪ್ಪ ನಾಲ್ಕು ಕಡ್ಡಿ ಸಮಿತ್ತುಗಳ ಮಿತಾಹಾರವನ್ನು ಸ್ವೀಕರಿಸಿ, ಸಂಕೋಚದಿಂದಲೇ ಉರಿಯಬೇಕಾಯಿತು. ಸಪ್ತಪದಿಯ ಏಳನೆಯ ಹೆಜ್ಜೆ ಮುಗಿದು, ವಧೂವರರು ಮರಳಿ ಹಸೆಯ ಮೇಲೆ ಕುಳಿತ ಕೂಡಲೇ, ಪುರೋಹಿತರು ತಮ್ಮ ಚೀಲದಿಂದ ಒಂದು ಉದ್ದನೆಯ ಲಕೋಟೆಯನ್ನು ತೆಗೆದು, ಓದುವ ಕನ್ನಡಕವನ್ನು ಏರಿಸಿಕೊಂಡು, ಪಕ್ಕದಲ್ಲಿದ್ದ ಮಣೆಯ ಮೇಲೆಯೇ ಹಾಳೆಯನ್ನು ಹರಡಿ, ಸ್ಥಳವನ್ನೂ ದಿನಾಂಕವನ್ನೂ ತುಂಬಿ, ಕೆಳಗೆ ರುಜು ಹಾಕಿದರು. ಹುಡುಗನ ಇಬ್ಬರು ಸ್ನೇಹಿತರು ಸಾಕ್ಷಿಗಳ ಸಾಲಿನಲ್ಲಿ ತಮ್ಮ ಹೆಸರು ಬರೆದರು. ಹಾಳೆಯ ಅಂಚಿಗೆ ಅಂಟಿಕೊಂಡಿದ್ದ ಒಂದು ಅಕ್ಷತೆಯ ಕಾಳನ್ನು ಪುರೋಹಿತರು ಉಗುರಿನಿಂದ ಮೆಲ್ಲಗೆ ಬಿಡಿಸಿ, ತಟ್ಟೆಗೆ ಹಾಕಿದರು.

ನಮ್ಮ ತಾಯಿ ಇದನ್ನೆಲ್ಲ ನೋಡುತ್ತಿದ್ದವರು ನನ್ನ ಕಡೆ ಬಾಗಿ, “ಅದೇನೋ ಅವರು ಬರೆದದ್ದು?” ಎಂದು ಕೇಳಿದರು.

“ಮದುವೆ ಆಯಿತು ಅಂತ ಸರ್ಕಾರಕ್ಕೆ ಬರೆದುಕೊಡಬೇಕಮ್ಮ.”

“ಅಗ್ನಿ ನೋಡಿದ್ದು ಸಾಲದೇನೋ ಅವರಿಗೆ?”

ಅಡುಗೆಮನೆಯಲ್ಲಿ ಉಪ್ಪು ಸಾಲದೆ ಎಂದು ಕೇಳುವಷ್ಟು ಸಹಜವಾಗಿ ಅವರು ಕೇಳಿದ ಆ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ವಾದ್ಯದ ಧ್ವನಿಮುದ್ರಿಕೆ ಜೋರಾಗಿತ್ತು, ಊಟಕ್ಕೆ ಕರೆಯೂ ಬಂದಿತ್ತು. ಆದರೆ ದೇವತೆಯೇ ಸಾಕ್ಷಿಯಾಗಿ ನಿಂತ ಕಾರ್ಯಕ್ಕೆ ಮನುಷ್ಯನ ರುಜುವನ್ನು ಬೇಡುವುದು ದೇವತೆಗೆ ಅಪಮಾನವಾಗುವುದೋ ಇಲ್ಲವೋ ಎಂಬ ಸಂದೇಹವು ಆ ದಿನದಿಂದ ನನ್ನ ಬೆನ್ನು ಹತ್ತಿದೆ. ಪರದೇಶದಲ್ಲಿ ಮದುವೆಯಾಗುವ ನಮ್ಮ ಮಕ್ಕಳಿಗೆ ಇದು ಬರಿಯ ಕಚೇರಿಯ ವಿಧಿ. ಮುಂಚೆಯೇ ಹೋಗಿ ಅನುಮತಿಪತ್ರ ಪಡೆಯಬೇಕು, ಮದುವೆ ಮಾಡಿಸಿದವರ ರುಜುವಾಗಬೇಕು, ಅದು ಕೌಂಟಿಯ ಕಚೇರಿಗೆ ಹಿಂದಿರುಗಬೇಕು, ಆಮೇಲೆ ಪ್ರಮಾಣಪತ್ರ ಬರಬೇಕು. ನನಗೆ ಮಾತ್ರ ಇದರಲ್ಲಿ ನಮ್ಮ ಹಿರಿಯರು ಬಹುಕಾಲ ತಲೆಕೆಡಿಸಿಕೊಂಡ ತತ್ತ್ವವಿಚಾರವೊಂದು ವೇಷ ಮರೆಸಿಕೊಂಡು ಕುಳಿತಿರುವಂತೆ ತೋರುತ್ತದೆ.

ಮೊದಲು ಶಾಸ್ತ್ರಕಾರರು ಕಾಗದವನ್ನು ಕಂಡು ಮೂಗು ಮುರಿದವರೇ ಎಂಬುದನ್ನು ನೋಡಬೇಕು. ಅಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ವ್ಯವಹಾರದಲ್ಲಿ ಪ್ರಮಾಣಗಳು ಮೂರು ಎಂದು ಹೇಳುವಾಗ ಲಿಖಿತ, ಭುಕ್ತಿ, ಸಾಕ್ಷಿ ಎಂದು ಲಿಖಿತವನ್ನೇ ಮುಂದಿಟ್ಟಿದೆ. ಈ ಮೂರೂ ದೊರೆಯದಿದ್ದಾಗ ಮಾತ್ರ ದಿವ್ಯ, ಎಂದರೆ ದೇವತೆಗಳನ್ನು ಕರೆದು ಮಾಡುವ ಪರೀಕ್ಷೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದು ಭಾರತದ ಬಹುಭಾಗದ ದಾಯವಿಭಾಗವನ್ನು ಶತಮಾನಗಳ ಕಾಲ ಆಳಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಮನುಷ್ಯರ ವ್ಯವಹಾರವನ್ನು ಮನುಷ್ಯರ ಪ್ರಮಾಣಗಳಿಂದಲೇ ತೀರಿಸಿಕೊಳ್ಳಬೇಕು, ಅವು ಬತ್ತಿಹೋದಾಗ ಮಾತ್ರ ದೇವರ ಬಾಗಿಲನ್ನು ತಟ್ಟಬೇಕು ಎಂಬ ಈ ಕ್ರಮದಲ್ಲಿ ದೇವರ ಬಗೆಗೆ ಎಷ್ಟು ಗೌರವವುಂಟೋ ನ್ಯಾಯಾಧೀಶನ ಬಗೆಗೆ ಅಷ್ಟೇ ಕಟ್ಟುನಿಟ್ಟೂ ಉಂಟು.

ಭುಕ್ತಿಯೆಂಬುದು ಭೂಮಿಯ ವಿಷಯದಲ್ಲಿ ಬಹುಕಾಲದ ಅನುಭೋಗವಷ್ಟೆ. ವಿವಾಹಕ್ಕೂ ಇದಕ್ಕೆ ಸಮಾನವಾದ ಒಂದು ಪ್ರಮಾಣವನ್ನು ನಮ್ಮ ನ್ಯಾಯಾಲಯಗಳು ಅಂಗೀಕರಿಸಿವೆ: ಸುಮಾರು ಐವತ್ತು ವರ್ಷ ಪತಿಪತ್ನಿಯರಾಗಿ ಬಾಳಿದ ಒಂದು ದಂಪತಿಗಳ ವಿವಾಹವನ್ನು ಅರ್ಧ ಶತಮಾನದ ಬಳಿಕ ಸಾಕ್ಷಿಗಳಿಂದ ರುಜುವಾತುಪಡಿಸಿರೆಂದು ಕೇಳುವುದು ತರವಲ್ಲವೆಂಬ ಅಭಿಪ್ರಾಯವನ್ನು 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ವ್ಯಕ್ತಪಡಿಸಿದರು. ಮದುವೆ ಮಾಡಿಸಿದ ಪುರೋಹಿತರೂ ಉಂಡುಹೋದ ನೆಂಟರೂ ಅಷ್ಟು ಕಾಲ ಬದುಕಿರುವುದೆಲ್ಲಿ ಬಂತು? ಊರಿನಲ್ಲಿ ಇರುವವರೆಗೆ ಈ ಪ್ರಮಾಣ ಸಾಕು. ಯಾರ ಹೆಂಡತಿ ಯಾರೆಂಬುದು ಬಾವಿಕಟ್ಟೆಗೂ ಗೊತ್ತು, ಅಂಗಡಿಯ ಸಾಲದ ಪುಸ್ತಕಕ್ಕೂ ಗೊತ್ತು. ಆದರೆ ಹಡಗನ್ನೋ ವಿಮಾನವನ್ನೋ ಏರಿದವರು ಈ ಸಾಕ್ಷಿಯನ್ನು ಜತೆಯಲ್ಲಿ ಒಯ್ಯಲಾರರು.

ಈ ಸತ್ಯವನ್ನು ಶಕುಂತಲೆಯಷ್ಟು ಕಠಿನವಾಗಿ ಕಲಿತವರು ಬೇರೆ ಇಲ್ಲ. ಅವಳದು ಗಾಂಧರ್ವವಿವಾಹ, ಪರಸ್ಪರ ಸಮ್ಮತಿಯ ಹೊರತು ಮತ್ತೊಬ್ಬರ ಕಣ್ಣು ಬೀಳದ ವಿವಾಹ, ಅದೂ ಗಂಡನ ರಾಜಧಾನಿಯಿಂದ ದೂರದ ಆಶ್ರಮದಲ್ಲಿ ನಡೆದದ್ದು. ಈ ಕಥೆಯನ್ನು ವ್ಯಾಸರು ಒಂದು ಬಗೆಯಲ್ಲಿ ಹೇಳಿದರೆ ಕಾಳಿದಾಸನು ಮತ್ತೊಂದು ಬಗೆಯಲ್ಲಿ ಹೇಳುತ್ತಾನೆ, ಮತ್ತು ಇವೆರಡರ ನಡುವಣ ಅಂತರದಲ್ಲಿಯೇ ನಮ್ಮ ತಾಯಿಯವರ ಪ್ರಶ್ನೆಯ ಎರಡು ಮುಖಗಳೂ ಇವೆ. ಚುರಮುರಿ ಶೇಷಗಿರಿರಾಯರ ಹಾಗೂ ಬಸವಪ್ಪ ಶಾಸ್ತ್ರಿಗಳ ಶಾಕುಂತಲಗಳ ಮೂಲಕ ಕನ್ನಡಿಗರಿಗೆ ಮನೆಮಾತಾದದ್ದು ಕಾಳಿದಾಸನ ಉಂಗುರ. ಅದು ಬರಿಯ ಆಭರಣವಲ್ಲ. ರಾಜನ ಹೆಸರಿನ ಅಕ್ಷರಗಳನ್ನು ಕೆತ್ತಿದ ಮುದ್ರಿಕೆ, ಎಂದರೆ ಮೊಹರು. ದುರ್ವಾಸರ ಶಾಪದಿಂದ ರಾಜನ ಸ್ಮೃತಿ ಅಳಿದಿರುವಾಗ, ಶಚೀತೀರ್ಥದಲ್ಲಿ ಕೈಮುಗಿಯುವಾಗ ಆ ಮೊಹರು ನೀರಿಗೆ ಜಾರಿದೆ. ತುಂಬಿದ ಸಭೆಯಲ್ಲಿ ಶಕುಂತಲೆ ಬೆರಳು ತಡವಿ ನೋಡಿಕೊಳ್ಳುವ ಗಳಿಗೆಯು, ಕಚೇರಿಯ ಕಿಟಕಿಯ ಮುಂದೆ ನಿಂತು ಕೈಚೀಲದಲ್ಲಿ ಕಾಗದ ಸಿಕ್ಕದೆ ತಡಕಾಡಿದ ಯಾರಿಗೂ ಅಪರಿಚಿತವಾದುದಲ್ಲ. ದಸ್ತಾವೇಜು ಮೀನಿನ ಹೊಟ್ಟೆಯಿಂದ ಹೊರಬಂದ ಮೇಲೆ ನೆನಪು ಮರಳಿತು. ತಂದುಕೊಟ್ಟ ಬೆಸ್ತನಿಗೆ ಮೊದಲು ಸಿಕ್ಕಿದ್ದು ಮಾತ್ರ ಆರಕ್ಷಕರ ಗುದ್ದು. ಯೋಗ್ಯನಲ್ಲದವನ ಕೈಯಲ್ಲಿ ಯೋಗ್ಯವಾದ ಕಾಗದವಿದ್ದರೆ ಏನಾಗುವುದೆಂಬುದನ್ನೂ ಕವಿ ಬಿಡದೆ ತೋರಿಸಿದ್ದಾನೆ.

ವ್ಯಾಸರ ಶಕುಂತಲೆಯ ಬಳಿ ಉಂಗುರವೇ ಇಲ್ಲ. ಅಲ್ಲಿಯ ದುಷ್ಯಂತನಿಗೆ ಮರೆವೂ ಇಲ್ಲ. ಎಲ್ಲವೂ ನೆನಪಿದ್ದು, ನೆನಪಿಲ್ಲವೆಂದು ಹೇಳುವವನು ಅವನು. ಆಗ ಅವಳು ಆಡುವ ಮಾತಿನ ಸಾರವೇನೆಂದರೆ, ನಾನೊಬ್ಬನೇ ಇದ್ದೆನೆಂದು ಭಾವಿಸಬೇಡ, ಹೃದಯದಲ್ಲಿ ವಾಸಮಾಡುವ ಪುರಾತನ ಮುನಿಯೊಬ್ಬನುಂಟು. ಸೂರ್ಯಚಂದ್ರರು, ಗಾಳಿ, ಬೆಂಕಿ, ನೆಲ, ನೀರು, ಹಗಲಿರುಳು, ಎರಡು ಸಂಧ್ಯೆಗಳು, ಧರ್ಮ, ಇವೆಲ್ಲ ಮನುಷ್ಯನ ನಡತೆಯನ್ನು ಬಲ್ಲವು ಎಂಬುದು. ಇದಕ್ಕಿಂತ ದೊಡ್ಡ ಸಾಕ್ಷಿಪಟ್ಟಿಯನ್ನು ಯಾವ ನ್ಯಾಯಾಲಯದ ಮುಂದೆ ಯಾರು ಸಲ್ಲಿಸಿದ್ದಾರೆ? ಆದರೂ ಅವಳು ಸೋತಳು, ಹೊರಟು ನಿಂತಳು. ಕೊನೆಗೆ ಪುರೋಹಿತರಿಗೂ ಮಂತ್ರಿಗಳಿಗೂ ಕೇಳಿಸುವಂತೆ ಆಕಾಶವಾಣಿ ನುಡಿದ ಮೇಲೆಯೇ ರಾಜನು ಅವಳನ್ನು ಸ್ವೀಕರಿಸಿದ್ದು. ಆಗ ಅವನು ಕೊಡುವ ಸಮಾಧಾನ ವಿಚಿತ್ರವಾದುದು: ನನಗೆ ಗೊತ್ತಿತ್ತು, ಆದರೆ ಕೇವಲ ಅವಳ ಮಾತಿನ ಮೇಲೆ ಒಪ್ಪಿಕೊಂಡಿದ್ದರೆ ಲೋಕವು ಈ ಮಗುವನ್ನು ಶಂಕಿಸುತ್ತಿತ್ತು ಎಂದು.

ಈ ಸಮಾಧಾನವನ್ನು ಓದಿದಾಗಲೆಲ್ಲ ನನಗೆ ದುಷ್ಯಂತನ ಮೇಲೆ ಸಿಟ್ಟು ಬರುವುದುಂಟು. ಸಿಟ್ಟು ಇಳಿದ ಮೇಲೆ ಅವನ ಮಾತಿನಲ್ಲಿರುವ ವಿವೇಕವೂ ಕಾಣುವುದು. ಹೃದಯಸ್ಥನಾದ ಮುನಿಯು ಮಾಡಿದವನಿಗೆ ಸಾಕ್ಷಿ. ಅವನು ಪರರೊಡನೆ ಮಾತನಾಡುವವನಲ್ಲ. ವಿವಾಹವೆಂಬುದು ಇಬ್ಬರ ನಡುವೆ ನಡೆಯುವುದಾದರೂ ಅದರ ಫಲ ಇಬ್ಬರಲ್ಲಿ ಮುಗಿಯುವುದಿಲ್ಲ. ಹುಟ್ಟುವ ಮಗುವಿಗೆ, ಆಸ್ತಿಗೆ, ವೈಧವ್ಯಕ್ಕೆ, ಗಡಿಯ ಬಾಗಿಲಿಗೆ, ಹೀಗೆ ಕಂಡರಿಯದ ಪರರೊಡನೆ ಅದು ಮಾತನಾಡಬೇಕಾಗುತ್ತದೆ. ಲಿಖಿತವು ವಧೂವರರಿಗೂ ಅಲ್ಲ, ದೇವರಿಗೂ ಅಲ್ಲ, ಆ ಪರಕೀಯನಿಗೆ.

ಪರಕೀಯನು ನಿರ್ದಯನಾದರೆ ಏನಾಗುವುದೆಂಬುದಕ್ಕೆ ದಕ್ಷಿಣ ಆಫ್ರಿಕೆಯ ನಿದರ್ಶನವಿದೆ. 1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಎಂಬಾತನು, ಭಾರತದಲ್ಲಿ ಇಸ್ಲಾಂ ವಿಧಿಯಿಂದ ವಿವಾಹವಾಗಿ ಗಂಡನ ಬಳಿಗೆ ಬಂದ ಒಬ್ಬ ಹೆಂಗಸಿಗೆ ಪ್ರವೇಶವನ್ನು ನಿರಾಕರಿಸಿದ ಆಜ್ಞೆಯನ್ನು ಎತ್ತಿಹಿಡಿದನು. ಬಹುಪತ್ನೀತ್ವಕ್ಕೆ ಅವಕಾಶವುಳ್ಳ ಧರ್ಮದ ವಿವಾಹವು ಅಲ್ಲಿಯ ಕಾನೂನಿನ ಕಣ್ಣಿಗೆ ವಿವಾಹವಲ್ಲವೆಂಬುದು ಅದರ ತಿರುಳು. ಕ್ರೈಸ್ತವಿಧಿಯಿಂದ ನಡೆಯದ, ಸರ್ಕಾರದಲ್ಲಿ ನೋಂದಣಿಯಾಗದ ಮದುವೆಗಳೆಲ್ಲ ಒಂದೇ ಏಟಿಗೆ ಅಸಿಂಧುವಾದವೆಂದೂ, ಹಿಂದೂ ಮುಸಲ್ಮಾನ ಪಾರಸಿಗಳ ಪತ್ನಿಯರೆಲ್ಲರೂ ಪತ್ನಿಯರಲ್ಲದೆ ಹೋದರೆಂದೂ ಗಾಂಧಿಯವರು ಇದನ್ನು ಅರ್ಥಮಾಡಿಕೊಂಡರು. ಗಾಂಧಿಯವರ ಹದಿಮೂರನೆಯ ವಯಸ್ಸಿನಲ್ಲಿ ಪೋರಬಂದರದಲ್ಲಿ ಅವರ ಕೈಹಿಡಿದಿದ್ದ ಕಸ್ತೂರಬಾ ಅವರೂ ಆ ಲೆಕ್ಕದಲ್ಲಿ ಸೇರಿದವರೇ. ಅದುವರೆಗೆ ಸತ್ಯಾಗ್ರಹದ ಸಾಲಿನಲ್ಲಿ ಹೆಂಗಸರನ್ನು ನಿಲ್ಲಿಸಿರಲಿಲ್ಲ. ಈಗ ಅವರೇ ನಿಂತರು. ಕಸ್ತೂರಬಾ ಅವರು ಮೂರು ತಿಂಗಳ ಕಠಿನ ಶಿಕ್ಷೆಯನ್ನು ಮಾರಿಟ್ಸ್‌ಬರ್ಗಿನ ಸೆರೆಮನೆಯಲ್ಲಿ ಅನುಭವಿಸಿದರು. ವಳ್ಳಿಯಮ್ಮ ಎಂಬ ತಮಿಳು ಹುಡುಗಿ ಸೆರೆಯಿಂದ ಜ್ವರ ಹೊತ್ತು ಬಂದು 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಬಂದ ಭಾರತೀಯರ ಪರಿಹಾರದ ಕಾನೂನು ಈ ವಿವಾಹಗಳಿಗೆ, ಒಬ್ಬಳೇ ಪತ್ನಿಯೆಂಬ ಮಿತಿಯೊಳಗೆ, ಮಾನ್ಯತೆ ಕೊಟ್ಟಿತು.

ಇಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ವಿರೋಧಾಭಾಸದ ಬಳಿ. ಇದೇ ಜನರು ಐದು ವರ್ಷಗಳ ಹಿಂದೆ, 1908ರ ಆಗಸ್ಟಿನಲ್ಲಿ, ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಒಂದು ದೊಡ್ಡ ಕಬ್ಬಿಣದ ಕಡಾಯಿಯನ್ನಿಟ್ಟು, ಎರಡು ಸಾವಿರಕ್ಕೂ ಮಿಕ್ಕ ನೋಂದಣಿಪತ್ರಗಳನ್ನು ಅದರಲ್ಲಿ ತುಂಬಿ, ಸೀಮೆಯೆಣ್ಣೆ ಸುರಿದು ಸುಟ್ಟವರು. ಒಂದು ಕಾಗದವನ್ನು ಸುಟ್ಟವರು ಮತ್ತೊಂದು ಬಗೆಯ ಮಾನ್ಯತೆಗಾಗಿ ಸೆರೆಗೆ ಹೋದುದು ಅಸಂಗತವೇ? ನನಗೆ ಹಾಗೆ ತೋರುವುದಿಲ್ಲ. ಸುಟ್ಟದ್ದು, ನೀನು ಶಂಕಿತನು ಎಂದು ಹೇಳುತ್ತಿದ್ದ ಕಾಗದವನ್ನು. ಕೇಳಿದ್ದು, ನೀನು ಆಡಿದ ಮಾತು ಮಾತೇ ಎಂದು ಒಪ್ಪುವ ಕಾಗದವನ್ನು. ನಮ್ಮ ವಿಧಿಯು ವಿಧಿಯೇ ಅಲ್ಲವೆಂದು ಪರಕೀಯನು ಹೇಳಿದಾಗ, ನಮಗೆ ನಿನ್ನ ಒಪ್ಪಿಗೆ ಬೇಡವೆಂದು ಮನೆಯೊಳಗೆ ಕುಳಿತುಕೊಳ್ಳುವ ಸ್ವಾತಂತ್ರ್ಯ ಗಂಡಸಿಗಿರಬಹುದು. ಬಂದರಿನ ಕಟ್ಟೆಯ ಮೇಲೆ ಗಂಟು ಹಿಡಿದು ನಿಂತ ಹೆಂಗಸಿಗೆ ಇಲ್ಲ.

ಟ್ರಿನಿಡಾಡಿನಲ್ಲಿ ಈ ಕಟ್ಟೆಯ ಮೇಲಿನ ನಿಲುವು ಇನ್ನೂ ದೀರ್ಘವಾಯಿತು. 1845ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ನಮ್ಮವರು ಬಿದಿರಿನ ಚಪ್ಪರ ಹಾಕಿ, ಪಂಡಿತರನ್ನು ಕರೆದು, ಅಗ್ನಿಯ ಮುಂದೆ ಮದುವೆಯಾದರು; ಅಲ್ಲಿಯ ಆಡುಮಾತಿನಲ್ಲಿ ಅವಕ್ಕೆ ಬಿದಿರಿನ ಮದುವೆ ಎಂದೇ ಹೆಸರಾಯಿತು. ನೋಂದಣಿಯಾಗದ ಆ ಮದುವೆಗಳ ಮಕ್ಕಳು ಕಾನೂನಿನ ಪುಸ್ತಕದಲ್ಲಿ ಔರಸರಲ್ಲ. ಹಿಂದೂ ವಿವಾಹಗಳಿಗೆ ಅಲ್ಲಿ ಶಾಸನದ ಮನ್ನಣೆ ಸಿಕ್ಕಿದ್ದು 1945ರಲ್ಲಿ. ಮೊದಲ ಹಡಗಿನಿಂದ ಲೆಕ್ಕ ಹಾಕಿದರೆ ಸರಿಯಾಗಿ ನೂರು ವರ್ಷ ಅಗ್ನಿಯೊಬ್ಬನೇ ಸಾಕ್ಷಿಯಾಗಿ ನಿಂತಿದ್ದನು. ಅವನು ಸುಳ್ಳಾಡಲಿಲ್ಲ, ಕೇಳುವವರಿರಲಿಲ್ಲ.

ಸ್ವತಂತ್ರ ಭಾರತದ ಶಾಸನವು ಈ ವಿಷಯದಲ್ಲಿ ತೋರಿದ ಸೂಕ್ಷ್ಮತೆ ನನಗೆ ಮೆಚ್ಚಿಕೆಯಾದದ್ದು. 1955ರ ಹಿಂದೂ ವಿವಾಹ ಕಾನೂನು, ಸಪ್ತಪದಿಯುಳ್ಳ ವಿವಾಹವು ಏಳನೆಯ ಹೆಜ್ಜೆಯಲ್ಲಿ ಪೂರ್ಣವಾಗುವುದೆಂದು ಹೇಳುತ್ತದೆ. ನೋಂದಣಿಗೆ ಏರ್ಪಾಡು ಮಾಡಿ, ನೋಂದಣಿಯಾಗಲಿಲ್ಲವೆಂಬ ಮಾತ್ರಕ್ಕೆ ವಿವಾಹವು ಕೆಡುವುದಿಲ್ಲವೆಂದೂ ಹೇಳುತ್ತದೆ. ಹೆಜ್ಜೆಯು ವಿವಾಹ, ಅಕ್ಷರವು ಅದರ ಸುದ್ದಿ. 1969ರ ವಿದೇಶೀ ವಿವಾಹ ಕಾನೂನು ಪರದೇಶದಲ್ಲಿರುವ ನಮ್ಮವರಿಗಾಗಿ ರಚಿತವಾದದ್ದು: ಇಬ್ಬರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು, ಮುಂಚಿತವಾಗಿ ನೋಟೀಸು ಕೊಡಬೇಕು, ಆಕ್ಷೇಪಣೆಗೆ ಮೂವತ್ತು ದಿನಗಳ ಅವಕಾಶವಿರಬೇಕು, ಮೂವರು ಸಾಕ್ಷಿಗಳಿರಬೇಕು. ವಿಧಿ ಯಾವುದಿರಬೇಕೆಂಬುದನ್ನು ವಧೂವರರಿಗೇ ಬಿಟ್ಟು, ನಿನ್ನನ್ನು ಕಾನೂನುಸಮ್ಮತವಾಗಿ ವರಿಸುತ್ತೇನೆಂಬರ್ಥದ ಒಂದು ಮಾತನ್ನು ಮಾತ್ರ ಇಬ್ಬರೂ ಪರಸ್ಪರ ಆಡತಕ್ಕದ್ದೆಂದು ಅದು ಕೇಳುತ್ತದೆ. ಬೇರೆ ಕಾನೂನಿನಂತೆ ಆ ದೇಶದಲ್ಲಿ ಆಗಲೇ ಆದ ಮದುವೆಯನ್ನು ದಾಖಲುಮಾಡಿಸಲೂ ಅದರಲ್ಲಿ ದಾರಿಯುಂಟು.

ಆದರೆ ಸುದ್ದಿಯೇ ಸಂಗತಿಗಿಂತ ಮುಂಚೆ ಓಡತೊಡಗಿದರೆ? ವರನು ಹೊರದೇಶದಲ್ಲಿ, ವಧು ಇಲ್ಲಿ, ವೀಸಾಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆದ್ದರಿಂದ ಮುಹೂರ್ತಕ್ಕೆ ಮೊದಲೇ ಒಂದು ನೋಂದಣಿಯನ್ನು ಮಾಡಿಸಿಬಿಡುವ ರೂಢಿ ಈಚೆಗೆ ನಮ್ಮ ಊರುಗಳಲ್ಲಿಯೂ ಬಂದಿದೆ. “ರಿಜಿಸ್ಟರ್ ಆಗಿದೆ, ಮದುವೆ ಮಾಘದಲ್ಲಿ” ಎಂದು ತಾಯಂದಿರು ಸಹಜವಾಗಿ ಹೇಳುವುದನ್ನು ಕೇಳಿದ್ದೇನೆ. 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದಲ್ಲಿ ವಿಧಿಯೊಂದೂ ನಡೆದಿರಲಿಲ್ಲ, ಪ್ರಮಾಣಪತ್ರ ಮಾತ್ರವಿತ್ತು. ಅದು ವಿವಾಹವೇ ಅಲ್ಲವೆಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಪೀಠವು ತೀರ್ಪಿತ್ತಿತು. ವೀಸಾಕ್ಕಾಗಿ ಮೊದಲೇ ನೋಂದಣಿ ಮಾಡಿಸುವ ಈ ಪದ್ಧತಿಯನ್ನೂ ಹೆಸರಿಸಿ ಆಕ್ಷೇಪಿಸಿತು. ಹುಟ್ಟದ ಮಗುವಿಗೆ ಜನ್ಮಪತ್ರಿಕೆ ಬರೆದಂತೆ ಎಂದು ನಮ್ಮ ಹಳ್ಳಿಯ ಜೋಯಿಸರಾದರೆ ನಗುತ್ತಿದ್ದರು. ಇದನ್ನು ಮಾಡಿಸುವವರ ಅವಸರ ನನಗೆ ಅರ್ಥವಾಗದೆ ಇಲ್ಲ. ಆದರೂ ಮಾಘದ ಮುಹೂರ್ತಕ್ಕೆ ಮುಂಚೆ ಸಂಬಂಧ ಮುರಿದರೆ, ಆ ಹುಡುಗಿ ವಿವಾಹಿತೆಯೋ ಅವಿವಾಹಿತೆಯೋ ಎಂದು ಹೇಳಲು ಅಗ್ನಿಯೂ ಅಶಕ್ತನು, ಕಚೇರಿಯೂ ಅಶಕ್ತ. ನ್ಯಾಯಾಲಯಕ್ಕೆ ಹೋಗಿಯೇ ಕೇಳಬೇಕು.

ಇನ್ನೊಂದು ತೊಡಕು ತರ್ಕದ್ದು. ನಮ್ಮಲ್ಲಿ ಬರೆದ ವಿವಾಹಪತ್ರವು ಹೊರದೇಶದಲ್ಲಿ ನಡೆಯಬೇಕಾದರೆ ಬರೆದ ಅಧಿಕಾರಿಯ ರುಜುವು ನಿಜವೆಂದು ರಾಜ್ಯದ ಗೃಹ ಇಲಾಖೆ ಹೇಳಬೇಕು. ಅದರ ಮೇಲೆ ವಿದೇಶಾಂಗ ಸಚಿವಾಲಯವು ಅಪೋಸ್ಟಿಲ್ ಎಂಬ ಮುದ್ರೆಯನ್ನು ಅಂಟಿಸಬೇಕು. 1961ರ ಹೇಗ್ ಒಪ್ಪಂದದಿಂದ ಬಂದ ಈ ಮುದ್ರೆ ನಮಗೆ ಅನ್ವಯವಾದದ್ದು 2005ರಿಂದ. ಒಪ್ಪಂದಕ್ಕೆ ಸೇರದ ರಾಷ್ಟ್ರವಾದರೆ ಆ ರಾಷ್ಟ್ರದ ರಾಯಭಾರ ಕಚೇರಿಯ ಮೊಹರು ಬೇರೆ. ಇಷ್ಟೂ ಆದ ಮೇಲೆ ಅಪೋಸ್ಟಿಲ್ ಹೇಳುವುದೇನು? ರುಜುವೂ ಮೊಹರೂ ಅಧಿಕೃತವೆಂದು ಮಾತ್ರ. ಕಾಗದದಲ್ಲಿ ಬರೆದಿರುವುದು ಸತ್ಯವೆಂದು ಅದು ಹೇಳುವುದಿಲ್ಲ. ಸಾಕ್ಷಿಗೆ ಸಾಕ್ಷಿ, ಆ ಸಾಕ್ಷಿಗೆ ಮತ್ತೊಂದು ಸಾಕ್ಷಿ: ಇದನ್ನೇ ನಮ್ಮ ತಾರ್ಕಿಕರು ಅನವಸ್ಥೆಯೆಂಬ ದೋಷವೆಂದು ಕರೆದರು. ಒಂದು ಜ್ಞಾನವು ಸರಿಯೆಂದು ತಿಳಿಯಲು ಬೇರೊಂದು ಜ್ಞಾನ ಬೇಕೆಂದು ನೈಯಾಯಿಕರು ಹೇಳಿದಾಗ, ಹಾಗಾದರೆ ಆ ಬೇರೊಂದಕ್ಕೆ ಯಾವುದು ಪ್ರಮಾಣವೆಂದು ಎದುರಾಳಿಗಳು ಹಿಡಿದುಕೊಂಡರು. ಉಡುಪಿಯ ಮಧ್ವಾಚಾರ್ಯರು ಈ ಸರಪಳಿಯನ್ನು ನಿಲ್ಲಿಸಿದ್ದು ಸಾಕ್ಷಿ ಎಂಬ ಪದದಿಂದಲೇ ಎಂಬುದು ಸ್ವಾರಸ್ಯಕರವಾಗಿದೆ: ಅವರ ಮತದಲ್ಲಿ ಸಾಕ್ಷಿಯೆಂದರೆ ಆತ್ಮಸ್ವರೂಪವೇ ಆದ ಇಂದ್ರಿಯ; ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಅದು ತಾನೇ ಗ್ರಹಿಸುತ್ತದೆ, ಅದಕ್ಕೆ ಮೇಲೊಂದು ಮೊಹರು ಬೇಕಿಲ್ಲ.

ವ್ಯಾಸರ ಶಕುಂತಲೆ ಹೇಳಿದ ಹೃದಯದ ಮುನಿಗೂ ಆಚಾರ್ಯರ ಸಾಕ್ಷಿಗೂ ಶಾಸ್ತ್ರದೃಷ್ಟಿಯಿಂದ ವ್ಯತ್ಯಾಸವುಂಟು. ಪಂಡಿತರು ನನ್ನನ್ನು ಮನ್ನಿಸಬೇಕು. ಆದರೆ ಎರಡೂ ಒಂದು ಕೆಲಸವನ್ನು ಮಾಡುತ್ತವೆ, ಸರಪಳಿಯನ್ನು ಒಳಗಡೆ ನಿಲ್ಲಿಸುತ್ತವೆ. ಹೊರಗಡೆ ಅದು ನಿಲ್ಲುವುದಿಲ್ಲ. ಎಲ್ಲಿಯೋ ಒಂದು ಕಡೆ ಯಾರೋ ಒಬ್ಬ ಗುಮಾಸ್ತನು ಇಷ್ಟು ಸಾಕು ಎಂದು ನಂಬಿಕೆಯಿಂದ ಬಾಗಿಲು ತೆರೆಯಬೇಕು. ಅಷ್ಟೆಲ್ಲ ರುಜುಗಳು ಸೇರಿ ಸಂಪಾದಿಸುವುದು ಆ ಅಪರಿಚಿತನ ಅರೆಗಳಿಗೆಯ ನಂಬಿಕೆಯನ್ನು. ಅದು ಅಲ್ಪವೆಂದು ಕಾಗದವನ್ನು ತಿರಸ್ಕರಿಸುವ ವೇದಾಂತಿಯೂ, ಅದೇ ಸರ್ವಸ್ವವೆಂದು ಹೆಜ್ಜೆಗಳನ್ನು ಮಾಘಕ್ಕೆ ಮುಂದೂಡುವ ಲೌಕಿಕನೂ ನನಗೆ ಒಂದೇ ತಪ್ಪನ್ನು ಮಾಡಿದವರಂತೆ ಕಾಣುತ್ತಾರೆ. ಒಳಗಿನವನಿಗೆ ಸಲ್ಲುವುದನ್ನು ಹೊರಗಿನವನಿಗೂ, ಹೊರಗಿನವನಿಗೆ ಸಲ್ಲುವುದನ್ನು ಒಳಗಿನವನಿಗೂ ಕೊಡಹೊರಟವರು ಅವರು. ಅಗ್ನಿಗೆ ಅಪಮಾನವಾಗುವ ಪ್ರಸಂಗವೊಂದಿದ್ದರೆ ಅದು ರುಜು ಹಾಕಿದಾಗ ಅಲ್ಲ, ಅವನನ್ನು ಕರೆಯದೆಯೇ ರುಜು ಹಾಕಿದಾಗ.

ಮದುವೆಯ ಮೂರನೆಯ ದಿನ ಆ ಲಕೋಟೆ ನಮ್ಮ ಕೈಗೆ ಬಂತು. ಪುರೋಹಿತರು ಬೇರೆ ಊರಿನ ಗೃಹಪ್ರವೇಶಕ್ಕೆ ಹೊರಟಿದ್ದರಿಂದ, ಅಂಚೆಗೆ ಹಾಕಿಬಿಡಿರೆಂದು ವಿಳಾಸ ಬರೆದು, ಅಂಟು ಹಚ್ಚಿ ಕೊಟ್ಟು ಹೋಗಿದ್ದರು. ಸಂಜೆ ತಿರುಗಾಡಲು ಹೊರಟಾಗ ತಾಯಿಯವರು, “ಕೊಡು ಇಲ್ಲಿ, ನಾನೇ ಹಾಕುತ್ತೇನೆ” ಎಂದರು. ಬಾಗಿಲಲ್ಲಿ ನಿಂತು ಹಿಂದಕ್ಕೆ ಹೋಗಿ, ದೇವರ ಮುಂದಿನ ಭರಣಿಯಿಂದ ಬೆರಳ ತುದಿಗೆ ಅರಿಶಿನ ತೆಗೆದುಕೊಂಡು ಬಂದು, ಲಗ್ನಪತ್ರಿಕೆಗೆ ಹಚ್ಚುವಂತೆ ಲಕೋಟೆಯ ನಾಲ್ಕು ಮೂಲೆಗಳಿಗೂ ಹಚ್ಚಿದರು. ವಿಳಾಸದ ಮೇಲೆ ತಾಗದಂತೆ ನೋಡಿಕೊಂಡರು. ಬೀದಿಯ ತಿರುವಿನಲ್ಲಿದ್ದ ನೀಲಿ ಅಂಚೆಪೆಟ್ಟಿಗೆಯ ಮುಚ್ಚಳವನ್ನು ನಾನು ಎಳೆದು ಹಿಡಿದೆನು. ಅವರು ಲಕೋಟೆಯನ್ನು ಒಳಗಿಟ್ಟರು. ಮುಚ್ಚಳ ಹಾಕಿದ ಮೇಲೆ, “ಬಿತ್ತೋ ಇಲ್ಲವೋ, ಇನ್ನೊಂದು ಸಲ ತೆಗೆ” ಎಂದರು. ತೆಗೆದು ತೋರಿಸಿದೆನು. ಒಳಗೆ ಕತ್ತಲೆಯಿತ್ತು. ಅವರು ಬಗ್ಗಿ ನೋಡಿ, ಸಮಾಧಾನವಾದಂತೆ ಸೆರಗನ್ನು ಹೊದ್ದುಕೊಂಡು ಮನೆಯ ಕಡೆ ತಿರುಗಿದರು.